ಗೂಟದ ಕಾರು, ವಾಯುಪಡೆಯ ವಿಮಾನ ಮತ್ತು ಪ್ರಚಾರದ ಬಿಲ್ಲು

ಅಧಿಕಾರದಲ್ಲಿ ಕೂತವರ ಚುನಾವಣಾ ಪ್ರಚಾರದ ಪ್ರಯಾಣಕ್ಕೆ ದುಡ್ಡು ಕೊಡುವವರು ಯಾರು, ಪಕ್ಷವೋ ತೆರಿಗೆದಾರನೋ? 1975ರ ಜೂನ್ 12ರ ಅಲಹಾಬಾದ್ ಹೈಕೋರ್ಟ್ ತೀರ್ಪಿನಿಂದಲೇ ಶುರು ಮಾಡೋಣ. ರಾಯ್‌ಬರೇಲಿಯಿಂದ ಇಂದಿರಾ ಗಾಂಧಿಯವರು ಗೆದ್ದದ್ದನ್ನು ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ರದ್ದು ಮಾಡಿದರು, ಎರಡು ವಾರದೊಳಗೆ ತುರ್ತು ಪರಿಸ್ಥಿತಿ ಬಂತು. ಇಷ್ಟು ನಿಮಗೆಲ್ಲ ಗೊತ್ತು. ಆದರೆ ಯಾವ ತಪ್ಪಿಗೆ ರದ್ದಾಯಿತು ಅಂತ ಕೇಳಿದರೆ ಬಹಳ ಮಂದಿ ತಡವರಿಸುತ್ತಾರೆ.

ಅಲ್ಲಿ ಇಂದಿರಾ ಎದುರು ಸೋತ ರಾಜ್ ನಾರಾಯಣ್ ಅವರ ಅರ್ಜಿಯಲ್ಲಿ ವಾಯುಪಡೆಯ ವಿಮಾನದ ಆರೋಪವೂ ಇತ್ತು. 1971ರ ಫೆಬ್ರವರಿ 1 ಮತ್ತು 25ರ ಚುನಾವಣಾ ಸಭೆಗಳಿಗಾಗಿ ಸೇನೆಯವರು ವಿಮಾನ, ಹೆಲಿಕಾಪ್ಟರ್ ಒದಗಿಸಿದರು ಎಂಬುದು ಅದರ ಸಾರ. ಅದು ನಿಲ್ಲಲಿಲ್ಲ. ನಿಂತದ್ದು ಎರಡು. ಪ್ರಧಾನಿ ಸಚಿವಾಲಯದ ಗೆಜೆಟೆಡ್ ಅಧಿಕಾರಿ ಯಶಪಾಲ್ ಕಪೂರ್ ರಾಜೀನಾಮೆ ಜಾರಿಗೆ ಬರುವ ಮೊದಲೇ ಪ್ರಚಾರದ ಕೆಲಸ ಮಾಡಿದ್ದು ಒಂದು. ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಲೋಕೋಪಯೋಗಿ ಇಲಾಖೆಯ ಎಂಜಿನಿಯರ್, ವಿದ್ಯುತ್ ಇಲಾಖೆಯ ಎಂಜಿನಿಯರ್ ಸೇರಿ ಸಭೆಗಳಿಗೆ ವೇದಿಕೆ ಕಟ್ಟಿಸಿ ಧ್ವನಿವರ್ಧಕಕ್ಕೆ ಕರೆಂಟು ಕೊಡಿಸಿದ್ದು ಇನ್ನೊಂದು. ಗಮನಿಸಿ, ವಿಮಾನ ಪಾರಾಯಿತು, ವೇದಿಕೆಯ ಕಂಬಗಳು ಸಿಕ್ಕಿಬಿದ್ದವು.

ಮುಂದೆ ಆದದ್ದು ಇನ್ನೂ ಮುಖ್ಯ. ಅದೇ ಆಗಸ್ಟ್‌ನಲ್ಲಿ ಜನಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ಬಂತು, ಅದೂ ಹಿಂದಿನ ದಿನಾಂಕದಿಂದ ಅನ್ವಯವಾಗುವಂತೆ. ಸರ್ಕಾರಿ ನೌಕರರ ನೆರವು ಪಡೆಯುವುದು ಭ್ರಷ್ಟ ಆಚರಣೆ ಎನ್ನುವ 123ನೇ ಸೆಕ್ಷನ್ನಿನ 7ನೇ ಉಪವಿಭಾಗಕ್ಕೆ ಒಂದು ಬಾಲ ಅಂಟಿಸಿದರು. ನೌಕರ ತನ್ನ ಅಧಿಕೃತ ಕರ್ತವ್ಯದ ಭಾಗವಾಗಿ ಅಭ್ಯರ್ಥಿಗೆ ಏನೇ ಏರ್ಪಾಡು ಮಾಡಿಕೊಟ್ಟರೂ, ಅದು ಅಭ್ಯರ್ಥಿಯ ಹುದ್ದೆಯ ಕಾರಣಕ್ಕೇ ಆಗಿದ್ದರೂ, ಗೆಲುವಿಗೆ ಮಾಡಿದ ನೆರವು ಎಂದು ಎಣಿಸುವಂತಿಲ್ಲ. ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆ ಬಾಲ ಇವತ್ತಿಗೂ ಕಾಯ್ದೆಯಲ್ಲಿದೆ. ಆಮೇಲೆ ಬಂದ ಯಾವ ಪಕ್ಷದ ಸರ್ಕಾರವೂ ಅದನ್ನು ಕತ್ತರಿಸಲಿಲ್ಲ. ಅಧಿಕಾರದಲ್ಲಿ ಕೂತವರಿಗೆಲ್ಲ ಅದು ಬೇಕಾದದ್ದೇ.

ಹಾಗಾಗಿ ಅಧಿಕಾರಸ್ಥರ ಪ್ರಚಾರ ಪ್ರಯಾಣಕ್ಕೆ ತೆರಿಗೆ ಹಣ ಸೋರುತ್ತದೆಯೇ ಎಂದು ಕೇಳುವಾಗ ‘ಕಳ್ಳತನ ಎಲ್ಲಿ ನಡೀತಿದೆ’ ಅಂತ ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. ಬಹುಪಾಲು ನಿಯಮದ ಒಳಗೇ ನಡೆಯುತ್ತದೆ. ಹುಡುಕಬೇಕಾದದ್ದು ಬಿಲ್ಲನ್ನು. ಯಾರು ಬರೆಯುತ್ತಾರೆ, ಯಾವ ದರದಲ್ಲಿ ಬರೆಯುತ್ತಾರೆ, ಯಾವ ದಿನಾಂಕದಿಂದ ಬರೆಯುತ್ತಾರೆ. ಈ ಮೂರು ತಿಳಿದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ದಿನಾಂಕ. ಮಾದರಿ ನೀತಿ ಸಂಹಿತೆ ಕಾಯ್ದೆಯಲ್ಲ. 1960ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಪಕ್ಷಗಳು ಒಪ್ಪಿಕೊಂಡ ನಡವಳಿಕೆಯ ಪಟ್ಟಿಯಾಗಿ ಹುಟ್ಟಿದ್ದು. ‘ಅಧಿಕಾರದಲ್ಲಿರುವ ಪಕ್ಷ’ ಎಂಬ ಭಾಗ ಸೇರಿದ್ದು 1979ರಲ್ಲಿ, ಅಂದರೆ ಹತ್ತೊಂಬತ್ತು ವರ್ಷ ತಡವಾಗಿ. ಅದು ಹೇಳುವುದು ಸರಳ: ಮಂತ್ರಿಗಳು ಅಧಿಕೃತ ಭೇಟಿಯನ್ನು ಪ್ರಚಾರದೊಂದಿಗೆ ಬೆರೆಸಬಾರದು, ಸರ್ಕಾರಿ ವಿಮಾನ, ವಾಹನ, ಸಿಬ್ಬಂದಿಯನ್ನು ಪಕ್ಷದ ಹಿತಕ್ಕೆ ಬಳಸಬಾರದು, ಮೈದಾನ, ಹೆಲಿಪ್ಯಾಡ್, ಪ್ರವಾಸಿ ಮಂದಿರಗಳನ್ನು ತಾವೊಬ್ಬರೇ ಹಿಡಿದಿಟ್ಟುಕೊಳ್ಳಬಾರದು. ಆದರೆ ಇದೆಲ್ಲ ಜಾರಿಯಾಗುವುದು ಚುನಾವಣಾ ಆಯೋಗ ವೇಳಾಪಟ್ಟಿ ಪ್ರಕಟಿಸಿದ ಗಳಿಗೆಯಿಂದ. ಅದಕ್ಕೆ ಒಂದು ತಾಸು ಮುಂಚೆ ನಡೆದದ್ದು ಇದರ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ ತೆಗೆದುಕೊಳ್ಳಿ. 2023ರ ವಿಧಾನಸಭಾ ಚುನಾವಣೆಯ ಘೋಷಣೆ ಮಾರ್ಚ್ 29ಕ್ಕೆ. ಪ್ರಧಾನಿಯವರು ಫೆಬ್ರವರಿ 27ಕ್ಕೆ ಶಿವಮೊಗ್ಗದ ವಿಮಾನ ನಿಲ್ದಾಣ, ಮಾರ್ಚ್ 12ಕ್ಕೆ ಮಂಡ್ಯದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟಿಸಿದರು. ಮಾರ್ಚ್ 25ಕ್ಕೆ ಚಿಕ್ಕಬಳ್ಳಾಪುರದಲ್ಲಿ ವೈದ್ಯಕೀಯ ಕಾಲೇಜು, ವೈಟ್‌ಫೀಲ್ಡ್‌ನಲ್ಲಿ ಮೆಟ್ರೊ ಉದ್ಘಾಟನೆ, ಅದೇ ದಿನ ದಾವಣಗೆರೆಯಲ್ಲಿ ಪಕ್ಷದ ಸಮಾವೇಶ. ನಾಲ್ಕು ದಿನಕ್ಕೆ ಸಂಹಿತೆ ಬಂತು. ಇದರಲ್ಲಿ ನಿಯಮಭಂಗ ಏನೂ ಇಲ್ಲ, ನಾನು ಹೇಳುತ್ತಿರುವುದೇ ಅದು. ರಾಜ್ಯ ಸರ್ಕಾರಗಳೂ, ಯಾವ ಪಕ್ಷದ್ದಾದರೂ, ಕೊನೆಯ ಎರಡು ತಿಂಗಳಲ್ಲಿ ಗುದ್ದಲಿ ಪೂಜೆಗಳನ್ನು ಒಟ್ಟೊಟ್ಟಿಗೆ ಇಟ್ಟುಕೊಳ್ಳುವುದು ಇದೇ ಲೆಕ್ಕಾಚಾರದಿಂದ. ಸಂಹಿತೆಯ ಹಿಂದಿನ ದಿನದವರೆಗೂ ಡೀಸೆಲ್ ಖಜಾನೆಯದು.

ಹೀಗೆ ಒಂದೇ ದಿನ ಒಂದು ಸರ್ಕಾರಿ ಕಾರ್ಯಕ್ರಮ, ಒಂದು ಪಕ್ಷದ ಸಭೆ ಇದ್ದರೆ ಖರ್ಚು ಹಂಚುವುದು ಹೇಗೆ? ಸ್ವಲ್ಪ ಲೆಕ್ಕ ಮಾಡೋಣ, ಬೇಸರಪಡಬೇಡಿ, ಇಡೀ ವಿಷಯದ ತಿರುಳು ಇಲ್ಲೇ ಇದೆ. ರಾಜಧಾನಿಯಿಂದ ಸರ್ಕಾರಿ ಕಾರ್ಯಕ್ರಮದ ಊರು 1,700 ಕಿ.ಮೀ. ಅಂದುಕೊಳ್ಳಿ. ಅಲ್ಲಿಂದ ಪಕ್ಷದ ಸಭೆಯ ಊರು 250 ಕಿ.ಮೀ. ಅಲ್ಲಿಂದ ನೇರ ರಾಜಧಾನಿಗೆ 1,600 ಕಿ.ಮೀ. ಒಟ್ಟು ಹಾರಾಟ 3,550 ಕಿ.ಮೀ.

ಒಬ್ಬ ಲೆಕ್ಕಿಗ ಹೇಳುತ್ತಾನೆ: ಸರ್ಕಾರಿ ಕೆಲಸಕ್ಕೆ ಹೋಗಿಬರಲು ಹೇಗೂ 3,400 ಕಿ.ಮೀ. ಆಗುತ್ತಿತ್ತು, ಪಕ್ಷದ ಸಭೆಯಿಂದ ಹೆಚ್ಚಾದದ್ದು 150 ಕಿ.ಮೀ., ಅಷ್ಟು ಮಾತ್ರ ಪಕ್ಷ ಕೊಡಲಿ. ಇನ್ನೊಬ್ಬ ಹೇಳುತ್ತಾನೆ: ಪಕ್ಷದ ಸಭೆ ಒಂದೇ ಇದ್ದಿದ್ದರೂ ಹೋಗಿಬರಲು 3,200 ಕಿ.ಮೀ. ಬೇಕಿತ್ತು, ಅಷ್ಟನ್ನೂ ಪಕ್ಷವೇ ಕೊಡಬೇಕು. ಪ್ರಯಾಣ ಒಂದೇ, ಇಂಧನ ಅಷ್ಟೇ. ಪಕ್ಷದ ಪಾಲು ಒಂದು ಸೂತ್ರದಲ್ಲಿ ಶೇ 4, ಇನ್ನೊಂದರಲ್ಲಿ ಶೇ 90. ಅಮೆರಿಕದ ಕೇಂದ್ರ ಚುನಾವಣಾ ಆಯೋಗದ ಹಂಚಿಕೆ ನಿಯಮ ಎರಡನೆಯ ಬಗೆಯದು: ಹೊರಟ ಜಾಗದಿಂದ ಪ್ರಚಾರದ ಎಲ್ಲ ನಿಲ್ದಾಣಗಳನ್ನು ಮುಟ್ಟಿ ಮರಳುವಷ್ಟು ದೂರ ಪ್ರಚಾರದ ಖಾತೆಗೆ. ನನ್ನ ಮಟ್ಟಿಗೆ ಅದೇ ಸರಿ. ಮೊದಲನೆಯದು ಒಪ್ಪಿದರೆ ಪ್ರತಿ ಸಭೆಯ ಪಕ್ಕದಲ್ಲೊಂದು ಉದ್ಘಾಟನೆ ಇಟ್ಟುಕೊಂಡರೆ ಮುಗಿಯಿತು, ಪಕ್ಷಕ್ಕೆ ಖರ್ಚೇ ಇಲ್ಲ.

ಸಂಹಿತೆ ಬಂದ ಮೇಲಿನ ಕಥೆ ಬೇರೆ. ಆಗ ಮಂತ್ರಿಯ ಸರ್ಕಾರಿ ಕಾರು ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ, ಅಷ್ಟೇ. ದಾರಿಯಲ್ಲಿ ಒಂದು ಪ್ರಚಾರ ಸಭೆಗೆ ಇಳಿದರೂ ತಪ್ಪು. ಖಾಸಗಿ ಪ್ರವಾಸಕ್ಕೆ ಸ್ವಂತ ವಾಹನ, ಪೈಲಟ್ ಕಾರು ಇಲ್ಲ, ಸೈರನ್ ಇಲ್ಲ. ಗೂಟದ ಕಾರಿನ ಗೂಟ 2017ರ ಮೇ 1ರಿಂದಲೇ ಹೋಗಿದೆ, ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ. ಅನಿವಾರ್ಯ ಸರ್ಕಾರಿ ಕೆಲಸಕ್ಕೆ ಕೇಂದ್ರ ಮಂತ್ರಿಯೊಬ್ಬರು ರಾಜ್ಯಕ್ಕೆ ಬರಬೇಕಾದರೆ ಇಲಾಖೆಯ ಕಾರ್ಯದರ್ಶಿ ಅದನ್ನು ದೃಢೀಕರಿಸಿ ರಾಜ್ಯದ ಮುಖ್ಯ ಕಾರ್ಯದರ್ಶಿಗೆ ಪತ್ರ ಬರೆಯಬೇಕು, ಅದರ ನಕಲು ಆಯೋಗಕ್ಕೆ ಹೋಗಬೇಕು. ಖಾಸಗಿ ಭೇಟಿಯಲ್ಲಿ ಮಂತ್ರಿಯನ್ನು ಕಾಣಲು ಹೋದ ಅಧಿಕಾರಿಯ ಮೇಲೂ ದುರ್ನಡತೆಯ ಆರೋಪ ಬರುತ್ತದೆ. ಕೆಳಗಿನ ಅಧಿಕಾರಿಗಳು ಹೆದರುವುದು ಇದಕ್ಕೇ, ಮಂತ್ರಿಗಿಂತ ಮೊದಲು ಪೆಟ್ಟು ಬೀಳುವುದು ಅವರಿಗೆ.

ಸರ್ಕಾರಿ ವಾಹನ ಅಂದರೆ ಯಾವುದು ಎಂಬ ಆಯೋಗದ ಪಟ್ಟಿ ಓದುವಂತಿದೆ. ವಿಮಾನ, ಹೆಲಿಕಾಪ್ಟರ್, ಕಾರು, ಜೀಪು, ದೋಣಿ, ಕೊನೆಗೆ ನೀರಿನ ಮೇಲೂ ನೆಲದ ಮೇಲೂ ತೇಲುವ ಹೋವರ್‌ಕ್ರಾಫ್ಟ್ ಕೂಡ ಬಿಟ್ಟಿಲ್ಲ. ಹೋವರ್‌ಕ್ರಾಫ್ಟ್‌ನಲ್ಲಿ ಮತ ಕೇಳಲು ಬಂದವರನ್ನು ನಾನಂತೂ ಕಂಡಿಲ್ಲ. ಆದರೆ ಪಟ್ಟಿಯ ಇನ್ನೊಂದು ಭಾಗ ಕೆಲಸಕ್ಕೆ ಬರುವಂಥದ್ದು: ನಿಗಮ, ಮಂಡಳಿ, ಪಾಲಿಕೆ, ಜಿಲ್ಲಾ ಪಂಚಾಯಿತಿ, ಮಾರುಕಟ್ಟೆ ಸಮಿತಿ, ಸಹಕಾರಿ ಸಂಘ, ಹೀಗೆ ಸಾರ್ವಜನಿಕ ಹಣ ಎಷ್ಟೇ ಅಲ್ಪ ಪ್ರಮಾಣದಲ್ಲಿ ಹೂಡಿಕೆಯಾಗಿದ್ದರೂ ಅದರ ವಾಹನ ಸರ್ಕಾರಿ ವಾಹನವೇ. ನಿಗಮದ ಅಧ್ಯಕ್ಷರ ಕಾರು ಪ್ರಚಾರದ ಊರಿನಲ್ಲಿ ನಿಂತಿದ್ದರೆ ‘ಇದು ಇಲಾಖೆಯದಲ್ಲ’ ಎಂಬ ಉತ್ತರ ನಡೆಯುವುದಿಲ್ಲ.

ಪ್ರವಾಸಿ ಮಂದಿರಕ್ಕೂ ಲೆಕ್ಕ ಇದೆ. ಒಬ್ಬರಿಗೆ 48 ತಾಸಿಗಿಂತ ಹೆಚ್ಚು ಕೊಡುವಂತಿಲ್ಲ, ಒಳಗೆ ಸಣ್ಣ ಸಭೆಯನ್ನೂ ಮಾಡುವಂತಿಲ್ಲ, ಆವರಣದೊಳಗೆ ಅವರ ಮೂರು ವಾಹನಕ್ಕಿಂತ ಹೆಚ್ಚು ಬಿಡುವಂತಿಲ್ಲ, ಮತದಾನ ಮುಗಿಯುವುದಕ್ಕೆ 48 ತಾಸು ಇರುವಾಗ ಹಂಚಿಕೆಯೇ ಬಂದ್.

ಇನ್ನು ದೊಡ್ಡ ಬಾಗಿಲು, ಭದ್ರತೆ. ಸರ್ಕಾರಿ ವಿಮಾನ ಬಳಸಬಾರದು ಎಂಬ ನಿಯಮದಿಂದ ಪ್ರಧಾನಿಗೆ ವಿನಾಯಿತಿ ಇದೆ, ಅಧಿಕೃತ ಭೇಟಿ ಮತ್ತು ಪ್ರಚಾರ ಬೆರೆಸಬಾರದು ಎಂಬುದರಿಂದಲೂ ಇದೆ. ಮುಖ್ಯಮಂತ್ರಿಗೆ ಇಲ್ಲ. ಅದಕ್ಕೇ ಸಂಹಿತೆ ಬಂದ ಮರುದಿನದಿಂದ ಮುಖ್ಯಮಂತ್ರಿಗಳು ಪಕ್ಷ ಬಾಡಿಗೆಗೆ ಹಿಡಿದ ಹೆಲಿಕಾಪ್ಟರ್ ಹತ್ತುತ್ತಾರೆ, ಪ್ರಧಾನಿ ವಾಯುಪಡೆಯ ವಿಮಾನದಲ್ಲೇ ಬರುತ್ತಾರೆ. ಉಗ್ರರ ಬೆದರಿಕೆಯಿಂದ ಉನ್ನತ ಭದ್ರತೆ ಇರುವ ಇತರರಿಗೆ ಗುಂಡುನಿರೋಧಕ ಕಾರು ಒಂದನ್ನು ಕೊಡಬಹುದು, ಓಡಾಟದ ಖರ್ಚು ಅವರದು. ‘ಇರಲಿ’ ಅಂತ ಎರಡನೆಯ ಕಾರು ಇಟ್ಟುಕೊಳ್ಳಬೇಕಾದರೆ ಭದ್ರತಾ ಸಂಸ್ಥೆಯೇ ಲಿಖಿತವಾಗಿ ಹೇಳಿರಬೇಕು.

ಪ್ರಧಾನಿಯ ಜೀವ ಪಕ್ಷದ ಆಸ್ತಿಯಲ್ಲ, ದೇಶದ ಹೊಣೆ. 1969ರಲ್ಲೇ ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆದ ಸೂಚನೆಯಲ್ಲಿ ಇದೇ ವಾದವಿದೆ: ವೇದಿಕೆ, ಬ್ಯಾರಿಕೇಡ್ ಏರ್ಪಾಡು, ಚುನಾವಣಾ ಸಭೆಯಾದರೂ, ರಾಜ್ಯ ಸರ್ಕಾರವೇ ನೋಡಿಕೊಳ್ಳಬೇಕು. ಇದನ್ನು ನಾನು ತಪ್ಪೆನ್ನುವುದಿಲ್ಲ. ಈ ದೇಶ ಒಬ್ಬ ಮಾಜಿ ಪ್ರಧಾನಿಯನ್ನು ಪ್ರಚಾರ ಸಭೆಯಲ್ಲೇ ಕಳೆದುಕೊಂಡಿದೆ, 1991ರ ಶ್ರೀಪೆರುಂಬುದೂರು. ಆದರೆ ಭದ್ರತೆಗೆ ಖಜಾನೆ ಕೊಡಬೇಕು ಎನ್ನುವುದು ಬೇರೆ, ಪ್ರಯಾಣಕ್ಕೂ ಖಜಾನೆ ಕೊಡಬೇಕು ಎನ್ನುವುದು ಬೇರೆ. ವಾಯುಪಡೆಯ ವಿಮಾನದಲ್ಲೇ ಬರಬೇಕು ಅನ್ನುವುದು ಭದ್ರತೆಯ ಮಾತು. ಬರಲೇಬೇಕು, ಇಂದೇ ಬರಬೇಕು, ಮೂರು ಊರಿಗೆ ಬರಬೇಕು ಅನ್ನುವುದು ಪಕ್ಷದ ತೀರ್ಮಾನ. ಪಕ್ಷ ಮಾಮೂಲಿಯಾಗಿ ಎಷ್ಟು ಕೊಡಬೇಕಿತ್ತೋ ಅಷ್ಟನ್ನಾದರೂ ಕೊಡಲಿ, ಅದರ ಮೇಲಿನದನ್ನು ಖಜಾನೆ ಭರಿಸಲಿ.

ಭದ್ರತೆಯ ಬಾಗಿಲು ತಪಾಸಣೆಯನ್ನೂ ತಡೆಯುತ್ತದೆ. 2019ರ ಏಪ್ರಿಲ್‌ನಲ್ಲಿ ಒಡಿಶಾದ ಸಂಬಲ್‌ಪುರದಲ್ಲಿ ಪ್ರಧಾನಿಯ ಹೆಲಿಕಾಪ್ಟರ್ ತಪಾಸಣೆಗೆ ಮುಂದಾದ ಚುನಾವಣಾ ವೀಕ್ಷಕರನ್ನು ಆಯೋಗ ಅಮಾನತು ಮಾಡಿತು. ಎಸ್‌ಪಿಜಿ (ಪ್ರಧಾನಿಯನ್ನು ಕಾಯುವ ವಿಶೇಷ ಪಡೆ) ಭದ್ರತೆ ಇರುವವರ ಬಗ್ಗೆ ಇರುವ ಸೂಚನೆ ಮೀರಿದರು ಎಂಬುದು ಕಾರಣ. ಅವರು ಕರ್ನಾಟಕ ಕೇಡರ್‌ನ ಐಎಎಸ್ ಅಧಿಕಾರಿ. ಕೇಂದ್ರ ಆಡಳಿತ ನ್ಯಾಯಮಂಡಳಿ ಅಮಾನತಿಗೆ ತಡೆ ಕೊಟ್ಟಿತು.

ಈಗ ದರ. 2014ರ ಮೇ ತಿಂಗಳಿಂದ 2019ರ ಜನವರಿವರೆಗೆ ಪ್ರಧಾನಿಯವರ 240 ಅನಧಿಕೃತ, ಅಂದರೆ ಸರ್ಕಾರಿ ಕೆಲಸಕ್ಕಲ್ಲದ, ದೇಶೀಯ ಪ್ರಯಾಣಗಳಿಗೆ ವಾಯುಪಡೆಗೆ ಸಂದಾಯವಾದದ್ದು ಸುಮಾರು 1.4 ಕೋಟಿ ರೂಪಾಯಿ. ಇದು ಮಾಹಿತಿ ಹಕ್ಕಿನಡಿ ಹೊರಬಂದ ಲೆಕ್ಕ, 2019ರ ಚುನಾವಣೆಯ ಹೊತ್ತಿಗೆ ಪತ್ರಿಕೆಗಳಲ್ಲಿ ಬಂತು. ಭಾಗಿಸಿ ನೋಡಿ, ಪ್ರಯಾಣವೊಂದಕ್ಕೆ ಸರಾಸರಿ 58 ಸಾವಿರ. ಒಡಿಶಾದ ಬಲಾಂಗೀರ್‌ನಿಂದ ಪಥರ್‌ಚೇರಾಕ್ಕೆ ಹೋದ ಒಂದು ಹೆಲಿಕಾಪ್ಟರ್ ಪ್ರಯಾಣದ ದರ 744 ರೂಪಾಯಿ.

744 ಕೇಳಿ ನಗು ಬರುತ್ತದೆ, ಆದರೆ ಇದು ಯಾರೋ ಗುಮಾಸ್ತ ಮಾಡಿದ ತಪ್ಪಲ್ಲ. ಬಿಲ್ಲು ಹುಟ್ಟುವುದು ಸೀಟಿನ ಲೆಕ್ಕದಲ್ಲಿ. ಅಷ್ಟು ದೂರಕ್ಕೆ ಸಾಮಾನ್ಯ ಪ್ರಯಾಣಿಕನೊಬ್ಬ ಕೊಡುವ ದರ ಎಷ್ಟು, ಅಷ್ಟು. ಹೆಲಿಕಾಪ್ಟರ್ ಬಸ್ಸಿನ ಹಾಗೆ ಸೀಟು ಮಾರಿಕೊಂಡು ಹಾರುವುದಿಲ್ಲ. ಒಬ್ಬರಿಗಾಗಿ ಇಡೀ ಯಂತ್ರ ಏಳುತ್ತದೆ, ಪ್ರಧಾನಿಯ ವಿಷಯದಲ್ಲಿ ಸಾಮಾನ್ಯವಾಗಿ ಜೊತೆಗೆ ಇನ್ನೆರಡು. ಅದೇ ಊರಿಗೆ ಎದುರಾಳಿ ಪಕ್ಷದ ನಾಯಕ ಬಂದರೆ ಖಾಸಗಿ ಕಂಪನಿ ಯಂತ್ರ ಹಾರಿದ ಗಂಟೆಗೆ, ನಿಂತು ಕಾದ ಹೊತ್ತಿಗೆ, ಖಾಲಿ ಮರಳಿದ ದೂರಕ್ಕೆ, ಇಷ್ಟಕ್ಕೂ ಬಿಲ್ಲು ಹಾಕುತ್ತದೆ. ಒಬ್ಬರು ಸೀಟು ಕೊಳ್ಳುತ್ತಾರೆ, ಇನ್ನೊಬ್ಬರು ಇಡೀ ಯಂತ್ರ ಹಿಡಿಯುತ್ತಾರೆ. ಕಣ ಸಮತಟ್ಟಾಗಿಲ್ಲ ಅನ್ನುವುದಕ್ಕೆ ಭಾಷಣ ಬೇಡ, ಈ ಎರಡು ಬಿಲ್ಲು ಪಕ್ಕಪಕ್ಕ ಇಟ್ಟರೆ ಸಾಕು.

ಅಮೆರಿಕ ಈ ದಾರಿಯಲ್ಲಿ ಒಂದು ಹೆಜ್ಜೆ ಮುಂದಿದೆ. ಅಲ್ಲಿಯೂ ಮೊದಲು ಮೊದಲ ದರ್ಜೆಯ ಟಿಕೆಟ್ ಬೆಲೆ ಕಟ್ಟಿದರೆ ಸಾಕಿತ್ತು. 2007ರ ಕಾನೂನು ಮತ್ತು ಅದರ ಮೇಲೆ 2010ರಲ್ಲಿ ಜಾರಿಯಾದ ನಿಯಮಗಳ ನಂತರ, ಹೋಲುವಂಥ ಬಾಡಿಗೆ ವಿಮಾನದ ದರದಲ್ಲಿ ಪ್ರಚಾರಕ್ಕೆ ಬಂದವರ ಪಾಲು ಎಷ್ಟೋ ಅಷ್ಟು ಕಟ್ಟಬೇಕು. ಆದರೂ ಅಧ್ಯಕ್ಷರ ದೊಡ್ಡ 747 ವಿಮಾನಕ್ಕೆ ಗಂಟೆಗೆ ಸುಮಾರು 2 ಲಕ್ಷ ಡಾಲರ್ ತಗಲುತ್ತದೆಂದು ಅಲ್ಲಿನ ವಾಯುಪಡೆಯೇ ಹಿಂದೆ ಲೆಕ್ಕ ಕೊಟ್ಟಿತ್ತು, ಪ್ರಚಾರ ಸಮಿತಿ ಕಟ್ಟುವುದು ಅದಕ್ಕಿಂತ ಬಹಳ ಕಡಿಮೆ. ಅಂತರ ಅಲ್ಲೂ ತೆರಿಗೆದಾರನದೇ. ಬ್ರಿಟನ್ನಿನಲ್ಲಿ ಮಂತ್ರಿಗಳ ಸಂಹಿತೆ ಪಕ್ಷದ ಕೆಲಸಕ್ಕೆ ಸರ್ಕಾರಿ ಸಾರಿಗೆ ಬೇಡ ಅನ್ನುತ್ತದೆ, ಭದ್ರತೆಯ ಕಾರಣವಿದ್ದರೆ ಮಾತ್ರ ವಿನಾಯಿತಿ.

ನಮ್ಮಲ್ಲಿ ಇನ್ನೊಂದು ಪದರ ಇದೆ, ತಾರಾ ಪ್ರಚಾರಕರು. ಸಿನಿಮಾ ನಟರು ಎಂದುಕೊಳ್ಳಬೇಡಿ, ಜನಪ್ರತಿನಿಧಿ ಕಾಯ್ದೆಯಲ್ಲಿ ಇರುವ ಪದ ‘ಪಕ್ಷದ ನಾಯಕರು’. 77ನೇ ಸೆಕ್ಷನ್ನಿನ ಪ್ರಕಾರ ಮಾನ್ಯತೆ ಪಡೆದ ಪಕ್ಷ 40, ಇತರ ಪಕ್ಷ 20 ಹೆಸರು ಕೊಡಬಹುದು, ಅಧಿಸೂಚನೆಯಾದ ಏಳು ದಿನದೊಳಗೆ. ಇವರ ಪ್ರಯಾಣದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುವುದಿಲ್ಲ. ದೊಡ್ಡ ರಾಜ್ಯಗಳಲ್ಲಿ ವಿಧಾನಸಭಾ ಅಭ್ಯರ್ಥಿಯ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಪಕ್ಷಕ್ಕೆ ಮಿತಿಯೇ ಇಲ್ಲ. ಅಭ್ಯರ್ಥಿ ಹೆಲಿಕಾಪ್ಟರ್‌ನಲ್ಲಿ ನಾಯಕನ ಪಕ್ಕ ಕೂತರೆ ಮಾತ್ರ ಪ್ರಯಾಣದ ಅರ್ಧ ಖರ್ಚು ಅವನ ತಲೆಗೆ. ಹೆಲಿಪ್ಯಾಡಿನಲ್ಲಿ ಹಾರ ಹಿಡಿದು ಕಾಯುವ ಅಭ್ಯರ್ಥಿಗಳು, ಒಟ್ಟಿಗೆ ಹಾರಿ ಬರುವವರು ಅಪರೂಪ, ಯಾಕೆ ಅಂತ ಈಗ ಗೊತ್ತಾಯಿತಲ್ಲ. ವೇದಿಕೆ ಹಂಚಿಕೊಂಡರೆ ಸಭೆಯ ಖರ್ಚಿನ ಪಾಲು ಬೀಳುತ್ತದೆ, ಅದು ಬೇರೆ ಲೆಕ್ಕ.

ಈ ಲೆಕ್ಕಗಳು ಹೊರಬರುವ ಹೊತ್ತನ್ನು ನೋಡಿ. 2023ರ ಕರ್ನಾಟಕ ಫಲಿತಾಂಶ ಮೇ 13ಕ್ಕೆ. ಅಭ್ಯರ್ಥಿ ಲೆಕ್ಕ ಕೊಡಲು 30 ದಿನ, ಜೂನ್ 12. ಚುನಾವಣಾ ತಕರಾರು ಅರ್ಜಿಗೆ 45 ದಿನ, ಜೂನ್ 27. ಪಕ್ಷ ತನ್ನ ಖರ್ಚಿನ ವಿವರ ಕೊಡಲು ವಿಧಾನಸಭೆಗೆ 75 ದಿನ, ಅಂದರೆ ಹೆಚ್ಚುಕಡಿಮೆ ಜುಲೈ ಕೊನೆ. ಲೋಕಸಭೆಗೆ 90 ದಿನ. ವಿಮಾನ, ಹೆಲಿಕಾಪ್ಟರ್ ಬಾಡಿಗೆ ಇರುವುದು ಪಕ್ಷದ ವಿವರದಲ್ಲಿ. ಅದು ಕೈಗೆ ಬರುವ ಒಂದು ತಿಂಗಳ ಮೊದಲೇ ಕೋರ್ಟಿನ ಬಾಗಿಲು ಮುಚ್ಚಿರುತ್ತದೆ. ಇದನ್ನು ಸರಿಪಡಿಸಲು ಸಂವಿಧಾನ ತಿದ್ದಬೇಕಿಲ್ಲ. ಸರ್ಕಾರಿ ವಿಮಾನದ ಬಿಲ್ಲನ್ನು ಪ್ರಯಾಣ ಮುಗಿದ ವಾರದೊಳಗೆ ಪ್ರಕಟಿಸಿ ಎಂದು ಆಯೋಗ ಒಂದು ಸೂಚನೆ ಕೊಟ್ಟರೆ ಆದೀತು.

ನೀವಾಗಿ ವಿಚಾರಿಸಬೇಕೆಂದಿದ್ದರೆ ಹೀಗೆ ಮಾಡಿ. ಅಭ್ಯರ್ಥಿಯ ಲೆಕ್ಕವನ್ನು 1961ರ ಚುನಾವಣಾ ನಡವಳಿ ನಿಯಮಗಳ 88ನೇ ನಿಯಮದಡಿ ಒಂದು ರೂಪಾಯಿ ಕೊಟ್ಟು ಜಿಲ್ಲಾ ಚುನಾವಣಾಧಿಕಾರಿ ಕಚೇರಿಯಲ್ಲಿ ನೋಡಬಹುದು, ಮಾಹಿತಿ ಹಕ್ಕಿನ ಅರ್ಜಿಯೂ ಬೇಡ. ಅಲ್ಲಿ ವೆಚ್ಚ ವೀಕ್ಷಕರ ತಂಡ ಪ್ರತ್ಯೇಕವಾಗಿ ಬರೆದ ನೆರಳು ದಾಖಲೆಯ ಪುಸ್ತಕ ಇರುತ್ತದೆ. ಅಭ್ಯರ್ಥಿ ಬರೆದದ್ದನ್ನೂ ಅದನ್ನೂ ಒಂದೇ ದಿನಾಂಕದ ಸಭೆಗೆ ಹೋಲಿಸಿ ನೋಡಿ.

ಮಾಹಿತಿ ಹಕ್ಕಿನಡಿ ವಾಯುಪಡೆಗೆ ಅರ್ಜಿ ಹಾಕುವವರು ಒಂದು ತಪ್ಪು ಮಾಡುತ್ತಾರೆ, ವಿಮಾನದಲ್ಲಿ ಯಾರ್‍ಯಾರಿದ್ದರು ಎಂದು ಹೆಸರು ಕೇಳುತ್ತಾರೆ. ಭದ್ರತೆಯ ಹೆಸರಿನಲ್ಲಿ ಅದು ನಿಲ್ಲುತ್ತದೆ. ಎಸ್‌ಪಿಜಿ ಮಾಹಿತಿ ಹಕ್ಕು ಕಾಯ್ದೆಯಿಂದ ಹೊರಗಿದೆ. ಪ್ರಧಾನಿಯ ವಿದೇಶ ವಿಮಾನಗಳ ದಾಖಲೆ ಕೊಡಿ ಎಂದು ಮಾಹಿತಿ ಆಯೋಗ ಹೇಳಿದ್ದಕ್ಕೂ 2020ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು. ಹಣ ಕೇಳಿ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಅನಧಿಕೃತ ಪ್ರಯಾಣಗಳೆಷ್ಟು, ಪ್ರತಿಯೊಂದಕ್ಕೂ ವಿಧಿಸಿದ ಮೊತ್ತ, ದರ ನಿಗದಿ ಮಾಡಿದ ಆದೇಶದ ಪ್ರತಿ, ಹಣ ಸಂದಾಯವಾದ ದಿನಾಂಕ. 240 ಪ್ರಯಾಣಗಳ ಲೆಕ್ಕ ಹೊರಬಂದದ್ದು ಇಂಥ ಪ್ರಶ್ನೆಗೇ.

ರಾಜ್ಯದ ಕಚೇರಿಗಾದರೆ ನಮ್ಮ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ, ಶುಲ್ಕ 10 ರೂಪಾಯಿ. ಹಾಗಾಗಿ ಹೆಲಿಪ್ಯಾಡಿಗೊಂದು, ವೇದಿಕೆ–ಬ್ಯಾರಿಕೇಡಿಗೊಂದು, ಪ್ರವಾಸಿ ಮಂದಿರಕ್ಕೊಂದು ಬೇರೆ ಬೇರೆ ಹಾಕಿ. ಜಿಲ್ಲಾಧಿಕಾರಿ ಕಚೇರಿಗಿಂತ ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಎಂಜಿನಿಯರ್ ಕಚೇರಿಗೆ ಹಾಕುವುದು ಮೇಲು, ಅಂದಾಜುಪಟ್ಟಿಯೂ ಅಳತೆ ಪುಸ್ತಕವೂ ಇರುವುದು ಅಲ್ಲಿ. ಸಭೆಯ ದಿನಾಂಕ, ಜಾಗ ಬರೆದು ಮೂರೇ ಕೇಳಿ: ಖರ್ಚು ಎಷ್ಟು, ಯಾವ ಲೆಕ್ಕ ಶೀರ್ಷಿಕೆಗೆ ಹಾಕಿದ್ದೀರಿ, ಪಕ್ಷದಿಂದ ವಸೂಲಾಗಿದ್ದರೆ ರಸೀದಿ ಸಂಖ್ಯೆ ಮತ್ತು ದಿನಾಂಕ ಯಾವುದು.